ಹಿತ್ತಿಲ ಬಾಗಿಲು ತಟ್ಟಿದ ಬಸಪ್ಪ

ಆತಗೂರು ಹೋಬಳಿಯ ಹೊನ್ನೆಕೊಪ್ಪಲಿನ ಮಂಚಮ್ಮ ಆರು ವರ್ಷಗಳ ಕಾಲ ತನ್ನ ಸತ್ತ ಗಂಡನಿಗೆ ಊಟ ಹಾಕಲಿಲ್ಲ.

ಹಿರಿಯರ ಹಬ್ಬ ಬಂದಾಗ ಊರಿನ ಮನೆಮನೆಯಲ್ಲೂ ಬಾಡಿನೆಸರು, ಮುದ್ದೆ, ಕಜ್ಜಾಯಗಳನ್ನು ಮಾಡಿ, ತೀರಿಹೋದವರ ಹೆಸರಿನಲ್ಲಿ ಎಡೆಯಿಟ್ಟು, ಅವರು ಬಂದು ಉಣ್ಣಲೆಂದು ಬಾಗಿಲನ್ನು ಮುಂದೆ ಮಾಡಿ ಹೊರಗೆ ನಿಲ್ಲುವುದು ವಾಡಿಕೆ. ಮಂಚಮ್ಮನೂ ಗೋಡೆಯ ಬದಿಗೆ ಬಾಳೆಯ ಎಲೆ ಹಾಸುತ್ತಿದ್ದಳು. ನೀರು ಚಿಮುಕಿಸಿ ಒರೆಸುತ್ತಿದ್ದಳು. ಆದರೆ ಆ ಎಲೆಯ ಮೇಲೆ ಒಂದು ಅಗುಳೂ ಬೀಳುತ್ತಿರಲಿಲ್ಲ. ಬರಿಯ ಎಲೆಯ ಮುಂದೆ ಕುಳಿತು, ಗಂಡ ಮುದ್ದಯ್ಯನು ಎದುರಿಗೇ ಇದ್ದಾನೆಂಬಂತೆ ಮಾತನಾಡುತ್ತಿದ್ದಳು.

"ನಿನ್ನ ಕೊಂದೋನು ಇನ್ನೂ ಉಣ್ತಾವ್ನೆ. ಅವನ ತುತ್ತು ನಿಲ್ಲೋಗಂಟ ನಿಂಗೂ ತುತ್ತಿಲ್ಲ. ಅಸ್ಕೊಂಡಿರು. ಅಸಿದ್ರೇನೆ ನಿಂಗೂ ರೋಸ ಬರೋದು."

ಹೀಗೆ ಹೇಳಿ ಎಲೆಯನ್ನು ಮಡಿಚಿ ಎತ್ತಿಬಿಡುತ್ತಿದ್ದಳು. ಅಂದು ತಾನೂ ಉಣ್ಣುತ್ತಿರಲಿಲ್ಲ.

ಮಕ್ಕಳು ಹುಟ್ಟಿಯೂ ಉಳಿಯದಿದ್ದ ಆ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಒಬ್ಬರಿಗೊಬ್ಬರು ಮಕ್ಕಳಂತೆ ಬದುಕಿದ್ದರು. ಮುದ್ದಯ್ಯನಿಗೆ ನಾಲೆಯ ಕೆಳಗೆ ಎರಡೆಕರೆ ಗದ್ದೆ. ಬಾಯಿ ಸ್ವಲ್ಪ ಜೋರು. ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿಯ ಸಂಕ್ರಾಂತಿ ಕಳೆದ ವಾರ, ಬೇಸಿಗೆಯ ಬೆಳೆಗೆ ನಾಲೆಯಲ್ಲಿ ಸರದಿಯ ಮೇಲೆ ನೀರು ಬಿಡುತ್ತಿದ್ದಾಗ, ತನ್ನ ಸರದಿಯ ನೀರು ಮೇಲಿನ ಗದ್ದೆಗೆ ಹೋಯಿತೆಂದು ಅವನು ನೀರುಗಂಟಿಯಾದ ಹುಚ್ಚೀರಯ್ಯನನ್ನು ಹತ್ತು ಜನರ ಎದುರಿಗೆ ಕಳ್ಳನೆಂದು ಬೈದನು. ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುವ ಕೆಲಸ ಹುಚ್ಚೀರಯ್ಯನದು. ಕೈಯಲ್ಲಿ ಸನಿಕೆ ಹಿಡಿದಿದ್ದ ಅವನು ಕೆರಳಿ, "ಇನ್ನೊಂದ್ಸಲ ಕಳ್ಳ ಅಂದ್ರೆ ಇದೇ ತೂಬ್ಗೆ ತುರುಕ್ಬುಡ್ತೀನಿ ಕಣ್ಲಾ ನಿನ್ನ" ಎಂದುಬಿಟ್ಟನು. ಮಾರನೆಯ ದಿನ ಬೆಳಿಗ್ಗೆ ಮುದ್ದಯ್ಯನ ಹೆಣ ಅದೇ ತೂಬಿನ ಬಾಯಲ್ಲಿ ಸಿಕ್ಕಿಕೊಂಡಿತ್ತು. ತಲೆಯ ಹಿಂಬದಿ ಒಡೆದಿತ್ತು.

ಅದಕ್ಕೂ ಮುಂಚೆ ಮಂಚಮ್ಮ ಹುಚ್ಚೀರಯ್ಯನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು. ಅವನ ಮಗಳು ಸಣ್ಣತಾಯಿಗೆ ಇವಳು ಅತ್ತೆ. ಆದುದರಿಂದ ಮೊದಲ ಎರಡು ದಿನ ಆಕೆಯ ಮನಸ್ಸು ಒಪ್ಪಲಿಲ್ಲ. ಒಪ್ಪಿಸಿದ್ದು ಬಸಪ್ಪ.

ಹೊನ್ನೆಕೊಪ್ಪಲಿನ ಭೈರವದೇವರಿಗೆ ಬಿಟ್ಟ ಬಸವನಿಗೆ ಆ ಸೀಮೆಯವರು ಬಸಪ್ಪನೆಂದೇ ಕೈಮುಗಿಯುತ್ತಿದ್ದರು. ಕಳವಾದರೆ, ಗಡಿಯ ತಕರಾರಾದರೆ, ಮನೆಯಲ್ಲಿ ಮನಸ್ಸು ಮುರಿದರೆ, ಪೂಜಾರಿ ಕೆಂಪಸಿದ್ದಯ್ಯ ಬಸಪ್ಪನ ಕೊಂಬಿಗೆ ಅರಿಸಿನ ಹಚ್ಚಿ, ಬೆನ್ನಿಗೆ ರೇಷ್ಮೆಯ ಹೊದಿಕೆ ಹೊದಿಸಿ, ಕಿವಿಯಲ್ಲಿ ಸಂಗತಿಯನ್ನು ಅರಿಕೆ ಮಾಡಿ ಹಗ್ಗ ಬಿಡುತ್ತಿದ್ದನು. ಬಸಪ್ಪ ಯಾರ ಮುಂದೆ ನಿಂತಿತೋ ಅದೇ ತೀರ್ಪು. ಕೊಲೆಯಾದ ಮೂರನೆಯ ದಿನ ಊರವರು ಬಸಪ್ಪನನ್ನು ಹೊರಡಿಸಿದರು. ಮಂಚಮ್ಮನೇ ಪಾದಕ್ಕೆ ನೀರೆರೆದು, "ನನ್ನ ಕೊರಳ ಬರಿದು ಮಾಡ್ದೋನ ತೋರ್ಸಪ್ಪ" ಎಂದು ಬೇಡಿಕೊಂಡಳು. ಬಸಪ್ಪ ಗುಡಿಯ ಮುಂದಿನಿಂದ ಹೊರಟು, ಒಂದು ಕಡೆಯೂ ತಡೆಯದೆ, ಹುಚ್ಚೀರಯ್ಯನ ಮನೆಯ ಪಕ್ಕದ ಓಣಿಗೆ ತಿರುಗಿ, ಕಳ್ಳಿಬೇಲಿಯ ಸಂದಿನಿಂದ ಹಿತ್ತಿಲಿಗೆ ನುಗ್ಗಿ, ಮುಚ್ಚಿದ್ದ ಹಿತ್ತಿಲ ಬಾಗಿಲನ್ನು ಕೊಂಬಿನಿಂದ ಮೂರು ಸಲ ತಟ್ಟಿ ನಿಂತಿತು.

ಆಗ ಊರಿನಲ್ಲಿ ಎದ್ದ ಕೂಗು ನಾಲೆಯ ಆಚೆಗೂ ಕೇಳಿಸಿತಂತೆ. ಬಾಗಿಲು ತೆರೆದು ಹೊರಗೆ ಬಂದ ಹುಚ್ಚೀರಯ್ಯನನ್ನು ಹಿಡಿದು ಪೊಲೀಸರ ಕೈಗೆ ಕೊಟ್ಟರು. ಅವನ ಸನಿಕೆಯ ಹಿಡಿಯ ಮೇಲೆ ರಕ್ತದ ಕಲೆಯೂ ಇತ್ತು. ಸಂಕ್ರಾಂತಿಯ ಮಾರನೆಯ ದಿನ ಕಡಿದ ಕುರಿಯದೆಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

'ತೂಬಿನ ಕೊಲೆ'ಯೆಂದು ಆ ಮೊಕದ್ದಮೆ ಜಿಲ್ಲೆಯಲ್ಲೆಲ್ಲ ಹೆಸರಾಯಿತು. ಸಂತೆಗಳಲ್ಲಿ ಅದರ ಮೇಲೆ ಪದ ಕಟ್ಟಿ ಹಾಡಿದರು. ವಿಚಾರಣೆಯ ದಿನಗಳಲ್ಲಿ ಮಂಡ್ಯದ ಬಸ್ಸುಗಳಿಗೆ ಜನ ಜೋತುಬಿದ್ದು ಹೋಗುತ್ತಿದ್ದರು. ಹುಚ್ಚೀರಯ್ಯನ ಪರವಾಗಿ ವಾದಿಸಿದವರು ಮಂಡ್ಯದ ವಕೀಲರಾದ ಪಾರ್ಥಸಾರಥಿಗಳು. ಹಣೆಯ ಮೇಲೆ ತೆಳುವಾದ ನಾಮ, ಮೆಲುದನಿ. ಅವರು ಸಾಕ್ಷಿಗೆ ನಿಂತ ಕೆಂಪಸಿದ್ದಯ್ಯನನ್ನು ಕೇಳಿದ ಎರಡು ಪ್ರಶ್ನೆಗಳನ್ನು ಮಂಚಮ್ಮ ಬಹುಕಾಲ ಮರೆಯಲಿಲ್ಲ.

"ಈ ಬಸವ ಅದಕ್ಕೆ ಮೊದಲು ಯಾವತ್ತಾದರೂ ಆ ಹಿತ್ತಿಲಿಗೆ ಹೋಗಿತ್ತೇನಯ್ಯ?"

"ದೇವ್ರು ಬುದ್ದಿ ಅದು. ಕರೀದೆ ಕಂಡೋರ ಇತ್ತಲ್ಗೆ ನುಗ್ಗಾಕೆ ಪುಂಡು ದನವಾ?"

"ಸರಿಯಪ್ಪ. ದೇವರಾದರೆ ಮುಂಬಾಗಿಲು ಇರುವಾಗ ಹಿಂಬಾಗಿಲಿಗೆ ಯಾಕೆ ಹೋಯಿತು?"

"ಕೊಲೆಗಾರ ಅಲ್ಲಿಂದ್ಲೇ ಆಚೆಗೆ ಓಗಿದ್ದ ಅಂತ ತೋರ್ಸಾಕೆ."

ಹಿಂದಿನ ಸಾಲಿನವರು ಭೇಷೆಂದರು. ವಕೀಲರು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಮಂಚಮ್ಮನಿಗೆ ಮಾತ್ರ ಒಡಲು ಉರಿಯಿತು. ದೇವರನ್ನು ಪಾಟೀಸವಾಲಿಗೆ ಎಳೆದ ಈ ಮನುಷ್ಯನ ನಾಲಗೆ ಬಿದ್ದುಹೋಗಲೆಂದು ಶಪಿಸಿದಳು.

ಎಪ್ಪತ್ತೆರಡನೆಯ ಇಸವಿಯ ಕೊನೆಗೆ ತೀರ್ಪಾಯಿತು. ಬೆದರಿಕೆಯ ಮಾತು ಕೊಲೆಯಲ್ಲ, ಕಲೆ ಮನುಷ್ಯನ ರಕ್ತವೆಂದು ಸಾಬೀತಾಗಲಿಲ್ಲ, ಬಸವ ಬಾಗಿಲಲ್ಲಿ ನಿಂತದ್ದು ಸಾಕ್ಷ್ಯವಲ್ಲ ಎಂದು ನ್ಯಾಯಾಧೀಶರು ಹುಚ್ಚೀರಯ್ಯನನ್ನು ಬಿಡುಗಡೆ ಮಾಡಿದರು. ಅಷ್ಟರಲ್ಲಿ ಅವನ ಹೆಂಡತಿ ಮಾಯಮ್ಮ ತೀರಿಹೋಗಿದ್ದಳು. ಆ ಮನೆಗೆ ಬೆಂಕಿ, ನೀರು ಕೊಡಕೂಡದೆಂದು ಊರಿನಲ್ಲಿ ಕಟ್ಟುಮಾಡಿದ್ದರು. ಮಾಯಮ್ಮ ಕೊಡ ಹಿಡಿದು ಸೇದುವ ಬಾವಿಗೆ ಬಂದ ಮೊದಲ ದಿನವೇ ರಾಟೆಯಿಂದ ಹಗ್ಗವನ್ನು ಬಿಚ್ಚಿ ಸುತ್ತಿಕೊಂಡು ಮನೆಗೆ ಒಯ್ದವಳು ಮಂಚಮ್ಮನೇ. ಮಾಯಮ್ಮ ಬರಿಗೊಡದೊಡನೆ ಹಿಂದಿರುಗಿದಳು. ಅಂದಿನಿಂದ ನಾಲೆಯ ಕೆಸರುನೀರನ್ನೇ ತಂದು ಕುಡಿದಳು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹಿಡಿದು ಎರಡು ದಿನದಲ್ಲಿ ಕಣ್ಣು ಮುಚ್ಚಿದಳು.

ಬಿಡುಗಡೆಯಾದವನು ಮಗಳ ಕೈಹಿಡಿದು ಕೋರ್ಟಿನ ಮೆಟ್ಟಿಲು ಇಳಿಯುವಾಗ ಮಂಚಮ್ಮ ಕೆಳಗೆ ನಿಂತಿದ್ದಳು. ಬೊಗಸೆಯ ತುಂಬ ಮಣ್ಣೆತ್ತಿ ಅವನ ಮೇಲೆ ತೂರಿದಳು.

"ಕೋರ್ಟು ಬುಡ್ತು, ನಾ ಬುಡಾಕಿಲ್ಲ ಕಣ್ಲಾ. ನನ್ನ ಕೊರಳ ದಾರ ಕಿತ್ತೆ. ನಿನ್ನ ಮಗಳ ಕೊರಳ್ಗೆ ದಾರ ಬೀಳಾಕೆ ಬುಟ್ರೆ ನಾನು ನಮ್ಮಪ್ಪನ ಮಗಳಲ್ಲ."

ಹುಚ್ಚೀರಯ್ಯ ಕಣ್ಣಿನ ಮಣ್ಣನ್ನು ಒರೆಸಿಕೊಂಡು ನಡೆದುಹೋದನು. ಹುಡುಗಿ ಮಾತ್ರ ಹಿಂದಿರುಗಿ ನೋಡುತ್ತಲೇ ಇದ್ದಳು.

ಸೇಡು ಎಂಬುದು ಕುಡುಗೋಲು ಹಿಡಿದು ಬಂದರೆ ಯಾರು ಬೇಕಾದರೂ ಗುರುತಿಸಿಯಾರು. ಅದು ಮಿಂದು ಮಡಿಯುಟ್ಟು, ದೇವರ ಹೆಸರು ಹೇಳುತ್ತ ಬಂದಾಗ ಅದಕ್ಕೆ ಮಣೆ ಹಾಕದವರು ಯಾರು? ಮಂಚಮ್ಮ ಪ್ರತಿ ಸೋಮವಾರ ಭೈರವನ ಗುಡಿ ಗುಡಿಸಿ ಸಾರಿಸುತ್ತಿದ್ದಳು. ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಒಂದು ಇರುವೆಯನ್ನೂ ತುಳಿಯದಂತೆ ನಡೆಯುತ್ತಿದ್ದಳು. ಕತ್ತಿಯಿಂದ ಕೊಚ್ಚಿಸಿಬಿಡು ಎಂದು ತವರಿನವರು ಕಿವಿಯೂದಿದಾಗ, "ಕೊಚ್ಚುದ್ರೆ ಒಂದೇ ದಪ ಸಾಯ್ತಾನೆ, ಅದು ಸಾಲ್ದು" ಎಂದಳು.

ಸಣ್ಣತಾಯಿಗೆ ಹದಿನಾರು ತುಂಬಿತು. ಮೊದಲ ಸಂಬಂಧ ಮಂಡ್ಯದ ಆಚೆಯ ದುದ್ದದಲ್ಲಿ ಕೂಡಿಬಂತು. ಸುದ್ದಿ ತಿಳಿದ ಮರುದಿನವೇ ಮಂಚಮ್ಮ ಬುತ್ತಿ ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ, ಗಂಡಿನ ಮನೆಯ ಜಗುಲಿಯ ಮೇಲೆ ಹೋಗಿ ಕುಳಿತಳು. ಗಂಡಿನ ತಾಯಿ ಮೀನಾಕ್ಷಮ್ಮ ಬಿಸಿಲಿನಲ್ಲಿ ಬಂದವಳೆಂದು ಮಜ್ಜಿಗೆ ತಂದಳು.

"ಮಜ್ಜಿಗೆ ಬ್ಯಾಡ ಕಣವ್ವ. ಒಂದು ಮಾತು ಯೋಳಿ ಓಯ್ತೀನಿ. ನೀವು ತರೋ ಎಣ್ಣಿನ ಅಪ್ಪ ನನ್ನ ಗಂಡನ ತಲೆ ಒಡ್ದು ತೂಬ್ಗೆ ತುರುಕ್ದೋನು."

"ಕೋರ್ಟಲ್ಲಿ ಬುಟ್ರಂತಲ್ಲ?"

"ಕೋರ್ಟು ಕಾಗ್ದ ನೋಡಿ ಯೋಳ್ತು. ನಮ್ಮ ಬಸಪ್ಪ ಅವನ ಬಾಗ್ಲ ತಟ್ಟಿ ಯೋಳ್ತು. ನಿಮ್ಮ ಮನೆ ದೀಪ ಅಚ್ಚಾಕೆ ಯಾರ ಮಾತು ಬೇಕೋ ನೀವೇ ಆರಿಸ್ಕಳಿ."

ಅಷ್ಟು ಹೇಳಿ ಎದ್ದು ಬಂದಳು. ಸಂಬಂಧ ಮುರಿಯಿತು. ಮದ್ದೂರಿನ ಆಚೆಯ ಒಂದೂರಿನ ಸಂಬಂಧವೂ, ಮಳವಳ್ಳಿ ರಸ್ತೆಯ ಇನ್ನೊಂದೂರಿನ ಸಂಬಂಧವೂ ಅದೇ ರೀತಿ, ಅದೇ ಮಾತಿನಿಂದ ಮುರಿದವು. ಒಂದೊಂದು ಸಲವೂ ಬಸ್ಸಿನ ಕಿಟಕಿಯ ಬಳಿ ಕುಳಿತು ಊರಿಗೆ ಹಿಂದಿರುಗುವಾಗ ಅವಳ ಎದೆಗೆ ಒಂದು ಗುಟುಕು ತಣ್ಣೀರು ಬಿದ್ದಂತಾಗುತ್ತಿತ್ತು. ಮನೆ ಸೇರುವಷ್ಟರಲ್ಲಿ ಅದು ಆರಿ, ಮೊದಲಿಗಿಂತಲೂ ಹೆಚ್ಚಾಗಿ ಉರಿಯುತ್ತಿತ್ತು.

ಎಪ್ಪತ್ತೇಳನೆಯ ಇಸವಿಯ ವೈಶಾಖದಲ್ಲಿ ಬಳೆಗಾರನೊಬ್ಬ ಹೊಸ ಸುದ್ದಿ ತಂದನು. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಚೌಡಯ್ಯನೆಂಬವನ ಮಗನಿಗೆ ಸಣ್ಣತಾಯಿಯನ್ನು ಗೊತ್ತುಮಾಡಿದ್ದಾರೆ. ಹೊನ್ನೆಕೊಪ್ಪಲಿನಲ್ಲಿ ಚಪ್ಪರಕ್ಕೆ ಒಂದು ಬಿದಿರ ಗಳು ಕೊಡುವವರೂ ಇಲ್ಲದ್ದರಿಂದ ಮದುವೆ ನಿಶ್ಚಯಿಸುವ ವೀಳ್ಯದ ಶಾಸ್ತ್ರವೂ ಗಂಡಿನ ಮನೆಯಲ್ಲೇ ಆಗುತ್ತದೆ. ಹುಚ್ಚೀರಯ್ಯ ಮುಚ್ಚುಮರೆ ಮಾಡದೆ ಕೋರ್ಟಿನ ಕಾಗದವನ್ನು ಚೌಡಯ್ಯನ ಮುಂದೆ ಇಟ್ಟನಂತೆ. ಅವನು ಅದನ್ನು ಮೇಷ್ಟರ ಹತ್ತಿರ ಓದಿಸಿ, "ಕೋರ್ಟೇ ಬುಟ್ಟೋನ್ನ ಇಡಿಯಾಕೆ ನಾನ್ಯಾವ ದೊಣ್ಣೆನಾಯ್ಕ?" ಎಂದು ನಕ್ಕನಂತೆ.

ಇನ್ನು ಜಗುಲಿಯ ಮಾತು ನಡೆಯದೆಂದು ಮಂಚಮ್ಮನಿಗೆ ತಿಳಿಯಿತು. ಮದುವೆಯಾಗಿಹೋದರೆ ಆರು ವರ್ಷದ ಬರಿಯೆಲೆಗೆ ಅರ್ಥವೇನು? ಸತ್ತ ಗಂಡನಿಗೆ ಯಾವ ಮುಖ ತೋರಿಸಲಿ? ಇಡೀ ಒಂದು ದಿನ ಒಲೆ ಹಚ್ಚದೆ ಕುಳಿತಿದ್ದವಳು ಎದ್ದು ನೇರವಾಗಿ ಕೆಂಪಸಿದ್ದಯ್ಯನ ಬಳಿಗೆ ಹೋದಳು.

"ಬಸಪ್ಪನ್ನ ಪೂರಿಗಾಲಿಗೆ ಒಂಡ್ಸು ಪೂಜಾರಪ್ಪ. ಅವರ ಚಪ್ಪರದಲ್ಲೇ ಕೇಳನ. ಎಲ್ಲಾರ ಮುಂದ್ಲೂ ಅವನ ಎದೆ ಮ್ಯಾಲೆ ಪಾದ ಮಡಗ್ಲಿ."

"ವಯಸ್ಸಾಗದೆ ಕಣಮ್ಮ ಬಸಪ್ಪಂಗೆ. ಎಲ್ಲಿ ಪೂರಿಗಾಲಿ, ಎಲ್ಲಿ ನಾವು."

"ದೇವ್ರಿಗೆ ವಯಸ್ಸಾಯ್ತದಾ? ಇಲ್ಲ, ನಿಂಗೇನಾದ್ರೂ ಅನುಮಾನ ಬಂದದಾ?"

ಕೆಂಪಸಿದ್ದಯ್ಯ ಎದ್ದು ಬಸಪ್ಪನ ರೇಷ್ಮೆಯ ಹೊದಿಕೆಯನ್ನು ಕೊಡವಿ ತೆಗೆದನು.

ನಾಲ್ಕು ದಿನ ನಡೆದರು. ಮುಂದೆ ತಮಟೆಯವನು, ಅವನ ಹಿಂದೆ ಪೂಜಾರಿ ಮತ್ತು ಬಸಪ್ಪ, ಕೊನೆಯಲ್ಲಿ ಬರಿಗಾಲಿನ ಮಂಚಮ್ಮ. ಮದ್ದೂರಿನ ಹೊಳೆಯಲ್ಲಿ ಬಸಪ್ಪನ ಮೈ ತೊಳೆದರು. ದಾರಿಯ ಊರುಗಳ ಹೆಂಗಸರು ಕೊಡದ ನೀರು ತಂದು ಪಾದಕ್ಕೆ ಸುರಿದು, ಮಕ್ಕಳನ್ನು ಹೊಟ್ಟೆಯ ಕೆಳಗೆ ನುಸುಳಿಸಿ, ಮಂಚಮ್ಮನನ್ನು ಪುಣ್ಯವಂತೆಯೆಂದರು. ಹೊರನೋಟಕ್ಕೆ ಅದೊಂದು ತೀರ್ಥಯಾತ್ರೆ. ಅಯ್ಯೋ, ಭಗವಂತನ ಹಿಂದೆ ನಡೆಯುವವರೆಲ್ಲ ಭಗವಂತನ ಬಳಿಗೇ ಹೋಗುತ್ತಿರುವುದಿಲ್ಲ. ಮಳವಳ್ಳಿ ದಾಟಿದ ಮೇಲೆ ಕಾಲು ಬೊಬ್ಬೆಯೆದ್ದು ಒಡೆದರೂ ಆಕೆ ಕುಂಟಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಹೆಜ್ಜೆಹೆಜ್ಜೆಗೂ ಜಪದಂತೆ ಹೇಳಿಕೊಳ್ಳುತ್ತಿದ್ದಳು.

ಅವರು ಪೂರಿಗಾಲಿ ತಲುಪಿದಾಗ ಚೌಡಯ್ಯನ ಮನೆಯ ಮುಂದೆ ಚಪ್ಪರದ ತುಂಬ ನೆಂಟರಿದ್ದರು. ಒಂದು ಕಡೆ ಗಂಡಸರ ನಡುವೆ ಹುಚ್ಚೀರಯ್ಯ ಕುಳಿತಿದ್ದನು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇನ್ನೊಂದು ಕಡೆ, ಬಾಗಿಲ ಬದಿಯ ಕಂಬಕ್ಕೆ ಒರಗಿದಂತೆ, ಹೊಸ ಸೀರೆಯುಟ್ಟ ಸಣ್ಣತಾಯಿ ಮಣೆಯ ಮೇಲಿದ್ದಳು. ತಮಟೆ ನಿಂತಿತು. ಮಂಚಮ್ಮ ಚಪ್ಪರದ ನಡುವೆ ಬಂದು ನಿಂತು, ತಾನು ಯಾರೆಂಬುದನ್ನೂ ಯಾಕೆ ಬಂದೆನೆಂಬುದನ್ನೂ ಹೇಳಿದಳು.

"ಕಾಗ್ದ ಓದಿದ್ದೀಯಂತೆ ಗೌಡ. ಈಗ ಈ ಬಸಪ್ಪನ್ನೂ ಕೇಳ್ಬುಡು. ಇವನು ಬ್ಯಾಡ ಅಂದ್ರೆ ಬ್ಯಾಡ, ಸೈ ಅಂದ್ರೆ ನಾನೇ ಆರತಿ ಎತ್ತಿ ಓಯ್ತೀನಿ."

ಚೌಡಯ್ಯ ಹುಚ್ಚೀರಯ್ಯನ ಮುಖ ನೋಡಿದನು. ಹುಚ್ಚೀರಯ್ಯ ಎದ್ದು ನಿಂತು ಹೆಗಲ ಮೇಲಿನ ವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡನು.

"ಕೇಳ್ಲಿ ಬುಡಿ. ನಾನೂ ಆರು ವರ್ಸದಿಂದ ಅದ್ನೇ ಕೇಳ್ಬೇಕು ಅಂತಿವ್ನಿ."

"ದೇವ್ರೇ ಬಾಗಿಲ್ಗೆ ಬಂದ್ಮ್ಯಾಲೆ ಬ್ಯಾಡ ಅನ್ನಾಕಾಯ್ತದಾ" ಎಂದು ಚೌಡಯ್ಯನೂ ಕೈಮುಗಿದನು.

ಕೆಂಪಸಿದ್ದಯ್ಯ ಕಿವಿಯಲ್ಲಿ ಅರಿಕೆ ಮಾಡಿದನು. ಮಂಚಮ್ಮ ಕುಂಕುಮದ ತಟ್ಟೆ ಹಿಡಿದು, ಎಲ್ಲರಿಗೂ ಕೇಳುವಂತೆ, "ಮುದ್ದಯ್ಯನ್ನ ಕೊಂದೋರು ಈ ಚಪ್ಪರದಲ್ಲಿದ್ರೆ ತೋರ್ಸಪ್ಪ" ಎಂದಳು. ಹಗ್ಗ ಬಿಟ್ಟರು.

ಬಸಪ್ಪ ಮೆಲ್ಲನೆ ನಡೆಯಿತು. ಗಂಡಸರ ಸಾಲಿನ ಮುಂದೆ ಹಾದು, ಹುಚ್ಚೀರಯ್ಯನ ಎದುರಿಗೆ ಬಂದು, ಅವನನ್ನು ಕಣ್ಣೆತ್ತಿಯೂ ನೋಡದೆ ದಾಟಿತು. ಅದು ಚಪ್ಪರವನ್ನು ಅಡ್ಡಹಾಯ್ದು ಹೆಂಗಸರ ಕಡೆಗೆ ತಿರುಗಿ, ಮಣೆಯ ಮೇಲಿದ್ದ ಸಣ್ಣತಾಯಿಯ ಮಡಿಲಲ್ಲಿ ಮುಸುಡಿಯಿಟ್ಟು ಮೂಸಿತು. ಆಮೇಲೆ ತಲೆಯೆತ್ತಿ, ಬಾಗಿಲ ಬದಿಯ ಕಂಬವನ್ನು ಕೊಂಬಿನಿಂದ ಮೂರು ಸಲ ತಟ್ಟಿ, ಮತ್ತೆ ಅವಳ ಅಂಗೈಯನ್ನು ನೆಕ್ಕುತ್ತ ನಿಂತಿತು.

"ಅಪ್ಪನ ಪಾಪಕ್ಕೆ ಮಗಳ ತೋರಿಸ್ತದೆ" ಎಂದು ಕೆಂಪಸಿದ್ದಯ್ಯ ತೊದಲಿದನು.

"ಸುಮ್ಕಿರು ಪೂಜಾರಪ್ಪ" ಎಂದನು ಚೌಡಯ್ಯ. "ಕೊಂದೋರ ತೋರ್ಸು ಅಂತ ತಾನೆ ಕೇಳಿದ್ದು? ಆಗ ಈ ಮಗೀಗೆ ಅನ್ನೆರಡು ವರ್ಸ. ಇದು ತಲೆ ಒಡೀತಾ? ನಿಮ್ಮ ಬಸಪ್ಪ ಯೋಳ್ತಿರೋದು ಬ್ಯಾರೆ ಏನೋ ಅದೆ."

ಸಣ್ಣತಾಯಿ ಅಳುತ್ತಿರಲಿಲ್ಲ. ಬಸಪ್ಪನ ಕೊರಳಡಿ ಜೋಲುವ ಗಂಗೆದೊಗಲನ್ನು ಸವರುತ್ತಿದ್ದಳು. ಬಹು ದಿನದ ಮೇಲೆ ಕಂಡ ತೌರಿನವರನ್ನು ಮಾತಾಡಿಸುವ ಹಾಗೆ ಇತ್ತು ಅವಳ ಕೈ.

"ಇದು ನನ್ನ ಸೀಕು ಕೇಳ್ತದೆ ಕಣತ್ತೆ" ಎಂದಳು.

ಮುದ್ದೆ ತಿರುವಿದ ಮಡಕೆಯ ತಳಕ್ಕೆ ಹತ್ತಿಕೊಂಡು ಸೀದುಹೋಗುವ ಹೊಪ್ಪಳೆಗೆ ಆ ಸೀಮೆಯಲ್ಲಿ ಸೀಕು ಎನ್ನುತ್ತಾರೆ.

"ಏನಂದೆ?" ಎಂದಳು ಮಂಚಮ್ಮ.

"ದಿನಾ ಒತ್ತಾರೆ, ಅಪ್ಪ ನಾಲೆಗೆ ಓಗಿ, ಅವ್ವ ದನ ಒಡ್ಕೊಂಡು ಓದ್ಮ್ಯಾಲೆ ಬತ್ತಿತ್ತು. ಕಳ್ಳಿಬೇಲಿ ಸಂದೀಲಿ ನುಗ್ಗಿ ಇತ್ತಲ ಬಾಗ್ಲ ಮೂರ್ ದಪ ತಟ್ಟೋದು. ನಾನು ಸೀಕು ಕೆರೆದು, ಬೆಲ್ಲ ಮೆತ್ತಿ ಬಾಯ್ಗೆ ಆಕ್ತಿದ್ದೆ. ಒಂದು ವರ್ಸ ಆಕ್ದೆ. ಅವತ್ತೂ ಅದ್ಕೇ ಬಂದಿತ್ತು."

"ಯಾಕೆ ಬಾಯಿ ಬುಡ್ನಿಲ್ಲ ನೀನು? ಕೋರ್ಟಲ್ಲಿ ಆ ವಕೀಲಪ್ಪ ಕೇಳ್ದಾಗ ನೀನು ಅಲ್ಲೇ ಕೂತಿದ್ಯಲ್ಲೇ."

"ದೇವ್ರ ಬಸಪ್ಪಂಗೆ ಎಂಜಲು ಮಡಕೆದು ಆಕ್ದೋರ ವಂಸ ಉರಿದೋಯ್ತದೆ ಅಂತ ಪೂಜಾರಪ್ಪ ಯೋಳ್ತಿದ್ರು. ನಾ ಆಕ್ದೆ. ಅಪ್ಪನ್ನ ಇಡ್ಕೊಂಡು ಓದ್ರು. ಅವ್ವ ಸತ್ಲು. ಎಲ್ಲಾ ನನ್ನಿಂದ್ಲೇ ಆಯ್ತು, ಯೋಳುದ್ರೆ ಅಪ್ಪನೂ ಸಾಯ್ತಾನೆ ಅನ್ಕಂಡೆ." ಬಸಪ್ಪನ ಕಡೆಯಿಂದ ಮುಖವೆತ್ತಿ, "ಸಂಬಂಧ ಮುರಿದಾಗ್ಲೆಲ್ಲ ನೀವು ಮಾಡಿದ್ದು ಸರಿಯೇ ಅನ್ನುಸ್ತಿತ್ತು ಕಣತ್ತೆ" ಎಂದಳು.

ಮಂಚಮ್ಮನ ಕೈಯ ತಟ್ಟೆ ಓರೆಯಾಗಿ ಕುಂಕುಮವೆಲ್ಲ ಬೊಬ್ಬೆಯೊಡೆದ ಪಾದಗಳ ಮೇಲೆ ಸುರಿಯಿತು. ವಕೀಲರ ಮೆಲುದನಿ ಐದು ವರ್ಷದ ಆಚೆಯಿಂದ ಬಂದು ಕಿವಿಗೆ ಬಿತ್ತು: ಅದಕ್ಕೆ ಮೊದಲು ಯಾವತ್ತಾದರೂ ಆ ಹಿತ್ತಿಲಿಗೆ ಹೋಗಿತ್ತೇನಯ್ಯ? ಆಕೆ ದೇವರನ್ನು ಕೊಲೆಗಾರನ ಮನೆ ಕೇಳಿದ್ದಳು. ಮೂಕ ದೇವರು ತನಗೆ ತುತ್ತಿಟ್ಟ ಮನೆಯನ್ನು ತೋರಿಸಿತ್ತು. ಅಷ್ಟೇ ನಡೆದದ್ದು. ಉಳಿದದ್ದನ್ನೆಲ್ಲ ಊರು ತಾನೇ ಕೂಡಿಸಿಕೊಂಡಿತ್ತು. ಬಸಪ್ಪನಾದರೋ ಆರು ವರ್ಷ ಕಾದು, ನಾಲ್ಕು ದಿನ ನಡೆದು ಬಂದು, ಮೊದಲು ಹೇಳಿದ ಮಾತನ್ನೇ ಮತ್ತೊಮ್ಮೆ ಹೇಳಿತು. ಆ ಕರುಣೆಯನ್ನು ಏನೆಂದು ಕೊಂಡಾಡೋಣ!

ಆಕೆ ಹುಚ್ಚೀರಯ್ಯನ ಬಳಿಗೆ ನಡೆದು ಕಾಲಿಗೆ ಬಾಗಿದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದನು.

"ಕಾಲು ಮುಟ್ಟಬ್ಯಾಡ. ಮುಟ್ಟಿಸ್ಕಂಡ್ರೆ ಬುಟ್ಬುಟ್ಟೆ ಅಂತ ಆಯ್ತದೆ. ನಾ ಬುಟ್ಟಿಲ್ಲ."

"ಅಣ್ಣ..."

"ಅನ್ನಬ್ಯಾಡ. ಮಣ್ಣು ತೂರ್ದೆ, ಒರಿಸ್ಕಂಡೆ. ಊರು ಬೆಂಕಿ ಕೊಡ್ನಿಲ್ಲ, ಕಲ್ಲು ಉಜ್ಜಿ ಅಚ್ಕಂಡೆ. ಮಾಯಿ ಕೊಡ ಇಡ್ಕಂಡು ಬಾವಿತಾವ ನಿಂತಾಗ ಅಗ್ಗ ಬಿಚ್ಕಂಡು ಓದ್ಯಲ್ಲ, ಅದು ನನ್ನ ಜೊತೇಲೇ ಮಣ್ಣಾಗ್ಲಿ. ಬೇಕಾದ್ರೆ ದಂಡ ಆಕ್ತೀನಿ, ತೀರಿಸು."

"ಯೋಳು."

"ಮೂರು ಊರ್ಗೆ ಓಗಿ ಜಗುಲಿ ಮ್ಯಾಲೆ ಕೂತು ನನ್ನ ಮಗಳ ಬಾಳು ಕೆಡಿಸ್ದೆ. ಅದೇ ಮೂರು ಊರ್ಗೆ ಓಗು. ಅದೇ ಜಗುಲಿ ಮ್ಯಾಲೆ ಕೂತು, ಅದೇ ಬಾಯಲ್ಲಿ, ನಾ ಅಂದಿದ್ದು ಸುಳ್ಳು ಅನ್ನು. ಬಸ್ಸಲ್ಲಿ ಓಗಬ್ಯಾಡ. ಈಗ ಬಂದಂಗೇ ನಡ್ಕಂಡು ಓಗು. ಅವರು ಉಗುದ್ರೆ ಒರಿಸ್ಕಂಡು ಬಾ, ನನ್ನಂಗೆ."

ಸಣ್ಣತಾಯಿ, "ಬ್ಯಾಡ ಕಣಪ್ಪ" ಎಂದಳು. ಅವನು ಮಗಳ ಕಡೆಗೆ ತಿರುಗಲಿಲ್ಲ. ಮಂಚಮ್ಮ, "ಓಯ್ತೀನಿ" ಎಂದಳು. ವೀಳ್ಯದ ಶಾಸ್ತ್ರ ನಡೆಯಿತು. ಆಕೆಗೆ ಯಾರೂ ಊಟದ ಎಲೆ ಹಾಕಲಿಲ್ಲ. ಆಕೆ ನಿಲ್ಲಲೂ ಇಲ್ಲ.

ಜ್ಯೇಷ್ಠದಲ್ಲಿ ಮದುವೆಯಾಯಿತು. ಆಷಾಢದ ಗಾಳಿಯಲ್ಲಿ ಮಂಚಮ್ಮ ಆ ಮೂರು ಊರುಗಳ ದಾರಿ ಸವೆಸಿದಳು. ಎರಡು ಕಡೆ ಬಾಗಿಲು ಮುಚ್ಚಿಕೊಂಡರು. ಮುಚ್ಚಿದ ಬಾಗಿಲಿಗೇ ಹೇಳಿ ಬಂದಳು. ದುದ್ದದಲ್ಲಿ ಮೀನಾಕ್ಷಮ್ಮ ಕೈಯಲ್ಲಿ ಮೊರ ಹಿಡಿದು ಜಗುಲಿಗೆ ಬಂದಳು. ಆಕೆಯ ಮಗನಿಗೆ ಬೇರೆ ಕಡೆ ಮದುವೆಯಾಗಿ ಎರಡು ವರ್ಷವಾಗಿತ್ತು. ಸೊಸೆ ಅತ್ತೆಯ ಬೆನ್ನ ಹಿಂದೆ ನಿಂತು ಕೇಳುತ್ತಿದ್ದಳು.

"ಅವತ್ತೂ ದೇವ್ರು ಯೋಳ್ತು ಅಂದೆ, ಇವತ್ತೂ ದೇವ್ರು ಯೋಳ್ತು ಅಂತೀಯೆ. ನಿನ್ನ ದೇವ್ರಿಗೆ ಎಷ್ಟು ನಾಲ್ಗೆಯಮ್ಮ?"

"ಅವನು ಎಲ್ಡು ದಪವೂ ಒಂದೇ ಮಾತು ಯೋಳ್ದ ಕಣವ್ವ. ಕೇಳೋ ಕಿವಿ ನನ್ದು ಕೆಟ್ಟಿತ್ತು."

"ಬಂಗಾರದಂಥ ಎಣ್ಣಂತೆ ಅದು. ತಪ್ಪೋಗಂಗೆ ಮಾಡ್ದೆ." ಮೀ‌ನಾಕ್ಷಮ್ಮ ಸೊಸೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಮಜ್ಜಿಗೆ ಕೊಡಾಕಿಲ್ಲ ನಿಂಗೆ ಈ ಸಲ. ಎದ್ದು ನಡಿ."

ಭಾದ್ರಪದದ ಅಮಾವಾಸ್ಯೆಗೆ ಹಿರಿಯರ ಹಬ್ಬ ಬಂತು. ಮುದ್ದಯ್ಯನನ್ನು ಕೊಂದವರು ಯಾರೆಂಬುದು ಅಂದಿಗೂ ತಿಳಿದಿರಲಿಲ್ಲ; ಮುಂದೆಯೂ ತಿಳಿಯಲಿಲ್ಲ. ಮಂಚಮ್ಮನ ಒಡಲ ಉರಿಯೂ ಆರಿರಲಿಲ್ಲ. ಅದಕ್ಕೆ ಈಗ ಒಂದು ಬಾಗಿಲೂ, ಒಂದು ಹೆಸರೂ ಇರಲಿಲ್ಲ, ಅಷ್ಟೆ. ಬೆಳಗಿನಿಂದಲೇ ಒಲೆ ಹಚ್ಚಿ, ಬಾಡು ಬೇಯಿಸಿ, ಮುದ್ದೆ ಕಟ್ಟಿ, ಕಜ್ಜಾಯ ಸುಟ್ಟಳು. ಗೋಡೆಯ ಬದಿಗೆ ಎರಡು ಎಲೆ ಹಾಸಿದಳು. ಎರಡನೆಯ ಎಲೆಗೆ ಏನೂ ಬಡಿಸಲಿಲ್ಲ. ಬೇರೆ ವಂಶದವರಿಗೆ ಎಡೆಯಿಡುವ ಹಕ್ಕು ಆಕೆಗಿರಲಿಲ್ಲ. ಆರು ವರ್ಷದಿಂದ ಅಟ್ಟದ ಮೇಲಿದ್ದ ಹಗ್ಗವನ್ನು ಅಂದು ಮುಂಜಾನೆಯೇ ಬಾವಿಯ ರಾಟೆಗೆ ಹಾಕಿ ಸೇದಿ ತಂದ ನೀರಿನಲ್ಲಿ ಒಂದು ಚೊಂಬು ತುಂಬಿ ಆ ಎಲೆಯ ಮುಂದೆ ಇಟ್ಟು, "ಕುಡಿ ಮಾಯವ್ವ" ಎಂದಳು.

ಆಮೇಲೆ ಮೊದಲನೆಯ ಎಲೆಗೆ ತುಂಬ ಬಡಿಸಿದಳು.

"ಉಣ್ಣು. ನಿನ್ನೂ ಅಸಿವ್ನಲ್ಲಿ ಕೆಡವ್ದೆ, ತಪ್ಪಿಲ್ಲದೋರ್ನೂ ಕೆಡವ್ದೆ. ನಿನ್ನ ಕೊಂದೋನು ಯಾರು ಅಂತ ನಾ ಕಾಣೆ, ನೀನು ಕಂಡಿದ್ದೀಯ. ಒಟ್ಟೆ ತುಂಬ ಉಣ್ಣು. ಉಂಡು ಸಕ್ತಿ ಬಂದ್ರೆ ನೀನೇ ಓಗಿ ನೋಡ್ಕೊ. ಆ ಕೆಲ್ಸವ ನನ್ನ ಕೈಗೆ ಇನ್ನು ಕೊಡಬ್ಯಾಡ."

ಬಾಗಿಲು ಮುಂದೆ ಮಾಡಿ, ಹೊರಗೆ ಬಂದು, ಗಂಡ ಉಂಡೇಳುವುದನ್ನು ಕಾಯುತ್ತ ನಿಂತಳು.